ಕಾದಾಡುವ ರಾಜ್ಯಗಳು ರಾಜಿಯಾಗಬಹುದಿತ್ತೇ?

ಪ್ರಾಚೀನ ಚೀನಾದ ರಾಜ್ಯಗಳು ಕ್ರಿ.ಪೂ. 770ರಿಂದ 221ರವರೆಗೆ, ಸುಮಾರು 550 ವರ್ಷ, ಒಂದನ್ನೊಂದು ನುಂಗುತ್ತ ಬಂದವು. ನೂರಕ್ಕೂ ಮಿಕ್ಕಿದ್ದ ಸಂಸ್ಥಾನಗಳು ಕರಗಿ ಏಳು ದೊಡ್ಡ ರಾಜ್ಯಗಳಾದವು, ಕೊನೆಗೆ ಒಂದೇ ಸಾಮ್ರಾಜ್ಯ ಉಳಿಯಿತು. ಇದನ್ನು ನಡುವೆ ಎಲ್ಲಾದರೂ ನಿಲ್ಲಿಸಬಹುದಿತ್ತೇ ಎಂದು ಕೇಳಿ ಬಂದ ಪತ್ರಗಳಿಗೆ ಈ ಸಂಚಿಕೆಯ ಪ್ರಶ್ನೋತ್ತರ ಮೀಸಲು. ಹೆಸರುಗಳು ಗೊಂದಲ ಮಾಡುತ್ತವೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇವೆ: ಉತ್ತರದ ಬಲಿಷ್ಠ ರಾಜ್ಯ ಜಿನ್ ಬೇರೆ, ಪಶ್ಚಿಮದಲ್ಲಿದ್ದು ಕೊನೆಗೆ ಎಲ್ಲರನ್ನೂ ಗೆದ್ದ ಚಿನ್ ಬೇರೆ. ಚು ದಕ್ಷಿಣದ್ದು, ಚೀ ಪೂರ್ವ ಕರಾವಳಿಯದು. ಸೊಂಗ್ ಮತ್ತು ಝೆಂಗ್ ನಡುವೆ ಸಿಕ್ಕಿಕೊಂಡ ಸಣ್ಣ ರಾಜ್ಯಗಳು.

ಪ್ರಶ್ನೆ: ಪಠ್ಯಪುಸ್ತಕದಲ್ಲಿ ಓದಿದ್ದೆಲ್ಲ ಬರೀ ಯುದ್ಧ. ಇಷ್ಟು ಶತಮಾನಗಳಲ್ಲಿ ಒಂದು ಸಲವಾದರೂ ನಿಜವಾದ ಶಾಂತಿ ಆಗಿತ್ತೇ? (ಪದವಿ ವಿದ್ಯಾರ್ಥಿನಿ, ಧಾರವಾಡ)

ಆಗಿತ್ತು. ಕ್ರಿ.ಪೂ. 546ರ ಬೇಸಿಗೆಯಲ್ಲಿ ಸೊಂಗ್ ರಾಜಧಾನಿಯಲ್ಲಿ, ಅಂದರೆ ಈಗಿನ ಹೆನಾನ್ ಪ್ರಾಂತ್ಯದ ಶಾಂಗ್‌ಚಿಯುವಿನಲ್ಲಿ, ಹತ್ತಕ್ಕೂ ಹೆಚ್ಚು ರಾಜ್ಯಗಳ ಮಂತ್ರಿಗಳು ಸೇರಿ ಯುದ್ಧ ನಿಲ್ಲಿಸುವ ಒಡಂಬಡಿಕೆ ಮಾಡಿಕೊಂಡರು. ಅಲ್ಲಿಂದ ಮುಂದೆ ಜಿನ್ ಮತ್ತು ಚು ಸುಮಾರು 40 ವರ್ಷ ಎದುರುಬದುರು ನಿಂತು ಕಾದಲಿಲ್ಲ. ಅದಕ್ಕೆ ಮೊದಲು ಇವೆರಡೂ 632ರಲ್ಲಿ ಚೆಂಗ್‌ಪು, 597ರಲ್ಲಿ ಬೀ, 575ರಲ್ಲಿ ಯಾನ್‌ಲಿಂಗ್ ಎಂಬಲ್ಲಿ ಭಾರೀ ಕಾಳಗ ನಡೆಸಿದ್ದವು ಎಂಬುದನ್ನು ನೆನೆದರೆ ಆ 40 ವರ್ಷದ ಬೆಲೆ ತಿಳಿಯುತ್ತದೆ.

ಸಂಧಾನಕ್ಕೆ ಓಡಾಡಿದವನು ಸೊಂಗ್ ರಾಜ್ಯದ ಮಂತ್ರಿ ಶಿಯಾಂಗ್ ಶು. ಸೊಂಗ್‌ನವರೇ ಮುಂದಾದದ್ದಕ್ಕೆ ಕಾರಣವಿದೆ. 595-594ರಲ್ಲಿ ಚು ದಂಡು ಅವರ ನಗರಕ್ಕೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದಾಗ ಜನ ಮಕ್ಕಳನ್ನು ಅದಲುಬದಲು ಮಾಡಿಕೊಂಡು ತಿಂದರು, ಸೌದೆಯಿಲ್ಲದೆ ಎಲುಬು ಉರಿಸಿದರು ಎಂದು ವೃತ್ತಾಂತ ಹೇಳುತ್ತದೆ. 579ರಲ್ಲೇ ಸೊಂಗ್‌ನ ಹುವಾ ಯುವಾನ್ ಎಂಬ ಇನ್ನೊಬ್ಬ ಮಂತ್ರಿ ಜಿನ್-ಚು ಸಂಧಿ ಮಾಡಿಸಿದ್ದ. ಅದು ನಾಲ್ಕೇ ವರ್ಷಕ್ಕೆ ಯಾನ್‌ಲಿಂಗ್ ರಣರಂಗದಲ್ಲಿ ಮುಗಿಯಿತು.

ಎರಡನೆಯ ಸಲ ಕೂಡಿಬಂದದ್ದು ಹೇಗೆ ಎಂಬುದು ಗಮನಿಸಬೇಕಾದ ಸಂಗತಿ. ಶಿಯಾಂಗ್ ಶುವಿಗೆ ಜಿನ್ ಮುಖ್ಯಮಂತ್ರಿ ಝಾವೊ ವು ಮತ್ತು ಚು ಮುಖ್ಯಮಂತ್ರಿ ಚು ಜಿಯಾನ್ ಇಬ್ಬರೂ ಸ್ನೇಹಿತರು. ಅವನು ಮೊದಲು ಜಿನ್‌ಗೆ ಹೋದ. ಅಲ್ಲಿನ ಹಿರಿಯ ಮಂತ್ರಿಯೊಬ್ಬ ಹೇಳಿದ ಮಾತಿನ ಸಾರ ಇಷ್ಟು: ಯುದ್ಧ ಬೊಕ್ಕಸಕ್ಕೆ ಹತ್ತಿದ ಹುಳು, ಸಣ್ಣ ರಾಜ್ಯಗಳಿಗೆ ಮಹಾ ವಿಪತ್ತು. ಶಾಂತಿ ನಿಲ್ಲಲಾರದೆಂದು ಗೊತ್ತಿದ್ದರೂ ಒಪ್ಪಲೇಬೇಕು, ಏಕೆಂದರೆ ನಾವು ಬೇಡ ಅಂದರೆ ಚು ಒಪ್ಪಿಕೊಂಡು ಎಲ್ಲರನ್ನೂ ತನ್ನ ಕಡೆ ಸೆಳೆದುಕೊಳ್ಳುತ್ತದೆ. ಜಿನ್ ಒಪ್ಪಿತು, ಚು ಒಪ್ಪಿತು. ಆಮೇಲೆ ಚೀ ಹಿಂದೆಮುಂದೆ ನೋಡಿದಾಗ ಅಲ್ಲಿನ ಮಂತ್ರಿಯೊಬ್ಬ, ಅವರಿಬ್ಬರೂ ಒಪ್ಪಿರುವಾಗ ನಾವು ಒಲ್ಲೆವೆಂದರೆ ನಮ್ಮ ಪ್ರಜೆಗಳೇ ತಿರುಗಿಬೀಳುತ್ತಾರೆ ಎಂದ. ಯುದ್ಧ ಬೇಡ ಎಂಬ ಮಾತಿಗೆ ಆಗ ರಾಜಕೀಯ ತೂಕ ಬಂದಿತ್ತು.

ಷರತ್ತು ಒಂದೇ: ಜಿನ್‌ನ ಆಶ್ರಿತರು ಚುವಿಗೂ, ಚುವಿನ ಆಶ್ರಿತರು ಜಿನ್‌ಗೂ ಹೋಗಿ ನಮಸ್ಕರಿಸಿ ಕಾಣಿಕೆ ಒಪ್ಪಿಸಬೇಕು. ಚೀ ಮತ್ತು ಚಿನ್‌ಗೆ ವಿನಾಯಿತಿ. ಚೀಯನ್ನು ಕಳಿಸಿಕೊಡಿ ಎಂದರೆ ಜಿನ್‌ಗೆ ಆಗದು, ಚಿನ್‌ನನ್ನು ಕಳಿಸಿ ಎಂದರೆ ಚುವಿಗೆ ಆಗದು, ಆದ್ದರಿಂದ ಇಬ್ಬರೂ ಆ ಹೆಸರುಗಳನ್ನು ಕೈಬಿಟ್ಟರು.

ಸಭೆಯಲ್ಲಿ ನಂಬಿಕೆ ಎಷ್ಟಿತ್ತು? ಪಾಳೆಯದ ಸುತ್ತ ಮಣ್ಣಿನ ಕೋಟೆ ಎಬ್ಬಿಸದೆ ಬೇಲಿ ಮಾತ್ರ ಹಾಕಿಕೊಂಡರು, ಅದು ಒಳ್ಳೆಯ ಲಕ್ಷಣ. ಆದರೆ ಪಶ್ಚಿಮ ದ್ವಾರದ ಹೊರಗೆ ಪ್ರಮಾಣಕ್ಕೆ ನಿಂತಾಗ ಚು ಜನ ಅಂಗಿಯೊಳಗೆ ಕವಚ ತೊಟ್ಟಿದ್ದರು. ತೆಗೆಸಿ ಎಂದು ಅವರದೇ ಕಡೆಯ ಅಧಿಕಾರಿ ಹೇಳಿದರೂ ಚು ಜಿಯಾನ್ ಕೇಳಲಿಲ್ಲ. ಬಳಿಕ ಯಾರು ಮೊದಲು ಪ್ರಮಾಣ ಮಾಡಬೇಕೆಂಬ ಜಗಳ. ಝಾವೊ ವು ಬಿಟ್ಟುಕೊಟ್ಟ, ಚು ಮೊದಲಾಯಿತು. ಗೌರವದ ಸರದಿಗಾಗಿ ಹಟ ಹಿಡಿದಿದ್ದರೆ ಆ 40 ವರ್ಷ ಸಿಗುತ್ತಿರಲಿಲ್ಲ. ನಮ್ಮ ದೃಷ್ಟಿಯಲ್ಲಿ ಆ ಇಡೀ ಸಭೆಯ ಅತಿ ದೊಡ್ಡ ಕೆಲಸ ಅದೇ.

ಪ್ರಶ್ನೆ: ರಕ್ತ ಸವರಿಕೊಂಡು ಪ್ರಮಾಣ ಮಾಡುತ್ತಿದ್ದರಂತೆ. ವಿಧಾನ ಹೇಗೆ? ಅದಕ್ಕೆ ಪುರಾವೆ ಇದೆಯೇ? (ನಿವೃತ್ತ ಗ್ರಂಥಪಾಲಕರು, ಶಿವಮೊಗ್ಗ)

ನೆಲದಲ್ಲಿ ಗುಂಡಿ ತೋಡುತ್ತಾರೆ. ಎತ್ತು ಅಥವಾ ಕುರಿಯನ್ನು ಬಲಿಕೊಟ್ಟು ಎಡಗಿವಿ ಕತ್ತರಿಸಿ ಬಟ್ಟಲಿಗೆ ಹಾಕುತ್ತಾರೆ, ಇನ್ನೊಂದು ಪಾತ್ರೆಗೆ ರಕ್ತ ಹಿಡಿಯುತ್ತಾರೆ. ಒಪ್ಪಂದದ ಬರಹವನ್ನು ದೇವತೆಗಳಿಗೆ ಕೇಳುವಂತೆ ಗಟ್ಟಿಯಾಗಿ ಓದುತ್ತಾರೆ. ಸೇರಿದವರು ಸರದಿಯಂತೆ ತುಟಿಗೆ ರಕ್ತ ಮುಟ್ಟಿಸಿಕೊಳ್ಳುತ್ತಾರೆ. ಬರಹದ ಒಂದು ಪ್ರತಿಯನ್ನು ಬಲಿಪಶುವಿನ ಮೇಲಿಟ್ಟು ಗುಂಡಿ ಮುಚ್ಚುತ್ತಾರೆ, ಇನ್ನೊಂದು ಪ್ರತಿ ದಫ್ತರಕ್ಕೆ ಹೋಗುತ್ತದೆ.

ಪುರಾವೆ ಧಾರಾಳವಾಗಿದೆ. 1965ರಲ್ಲಿ ಶಾನ್‌ಶಿ ಪ್ರಾಂತ್ಯದ ಹೌಮಾದಲ್ಲಿ, ಹಳೆಯ ಜಿನ್ ರಾಜಧಾನಿಯ ಬಳಿ, ಇಂಥ ಗುಂಡಿಗಳು ಸಾಲುಸಾಲಾಗಿ ಸಿಕ್ಕವು. ಒಳಗೆ 5,000ಕ್ಕೂ ಹೆಚ್ಚು ಕಲ್ಲಿನ ಮತ್ತು ಜೇಡ್ ಶಿಲೆಯ ತುಣುಕುಗಳು. ಕುಂಚದಿಂದ, ಬಹುಪಾಲು ಕೆಂಪು ಬಣ್ಣದಲ್ಲಿ ಬರೆದ ಪ್ರಮಾಣ ಪತ್ರಗಳವು. ಓದಲು ಬರುವವು 600ಕ್ಕೂ ಮಿಕ್ಕಿವೆ. ಒಕ್ಕಣೆ ಹೆಚ್ಚುಕಡಿಮೆ ಒಂದೇ, ಪ್ರಮಾಣ ಮಾಡುವವನ ಹೆಸರು ಮಾತ್ರ ಬದಲಾಗುತ್ತದೆ: ನಾನು ಇಂಥ ಒಡೆಯನಿಗೆ ನಿಷ್ಠನಾಗಿರುತ್ತೇನೆ, ಗಡಿಪಾರಾದ ಇಂಥಿಂಥವರನ್ನು ಒಳಗೆ ಬಿಡುವುದಿಲ್ಲ, ತಪ್ಪಿದರೆ ನಮ್ಮ ಪೂರ್ವಜರ ಆತ್ಮ ನನ್ನನ್ನು ಕಂಡುಹಿಡಿದು ನನ್ನ ವಂಶ ಅಳಿಸಿಹಾಕಲಿ. ಇವು ರಾಜ್ಯಗಳ ನಡುವಿನ ಸಂಧಿಯ ಬರಹಗಳಲ್ಲ, ಜಿನ್ ಒಳಗಿನ ಝಾವೊ ಮನೆತನದ ಜಗಳದ ಕಾಲದವು. ಆದರೂ ಒಪ್ಪಂದದ ಹಿಂದಿನ ಜಾಮೀನು ಯಾವುದೆಂದು ಇವು ಸ್ಪಷ್ಟವಾಗಿ ತೋರಿಸುತ್ತವೆ. ತಪ್ಪಿದವನನ್ನು ಹಿಡಿದು ದಂಡಿಸುವ ಕೆಲಸ ಸತ್ತ ಹಿರಿಯರ ಮೇಲಿತ್ತು. ಶಾಪಕ್ಕೆ ಹೆದರುವ ತಲೆಮಾರು ಇರುವವರೆಗೆ ಇದು ನಡೆಯುತ್ತಿತ್ತು.

ಪ್ರಶ್ನೆ: ಅಷ್ಟು ಚೆನ್ನಾಗಿ ಕೂಡಿಬಂದ 546ರ ಶಾಂತಿ ಮುರಿದದ್ದೇಕೆ? (ಲೆಕ್ಕ ಪರಿಶೋಧಕರು, ಮಂಗಳೂರು)

ಮೊದಲ ಬಿರುಕು ಕಾಣಿಕೆಯ ಲೆಕ್ಕದಲ್ಲೇ ಇತ್ತು. ಅದುವರೆಗೆ ಒಬ್ಬ ಒಡೆಯನಿಗೆ ಕಪ್ಪ ಕೊಡುತ್ತಿದ್ದ ಸಣ್ಣ ರಾಜ್ಯ ಇನ್ನು ಇಬ್ಬರಿಗೆ ಕೊಡಬೇಕು. ಲು ರಾಜ್ಯದ ಆಡಳಿತ ಸಭೆಗೆ ಬಂದಿದ್ದ ತನ್ನ ಮಂತ್ರಿಗೆ, ನಮ್ಮನ್ನು ಝು ಮತ್ತು ತೆಂಗ್‌ಗಳ ಸಾಲಿಗೆ ಸೇರಿಸಿಬಿಡು ಎಂದು ಹೇಳಿಕಳಿಸಿತ್ತು. ಅವೆರಡನ್ನು ಚೀ ಮತ್ತು ಸೊಂಗ್ ತಮ್ಮ ಅಧೀನದವೆಂದು ಕೇಳಿ ಪಡೆದಿದ್ದರಿಂದ ಅವು ಪ್ರಮಾಣದಿಂದಲೂ ಎರಡು ಕಾಣಿಕೆಯಿಂದಲೂ ಪಾರಾಗಿದ್ದವು. ಲು ಮಂತ್ರಿ ಒಪ್ಪಲಿಲ್ಲ. ಅವು ಇನ್ನೊಬ್ಬರ ಸೊತ್ತು, ನಾವು ಸ್ವತಂತ್ರ ರಾಜ್ಯ ಎಂದು ಪೂರ್ಣ ಸದಸ್ಯನಾಗಿಯೇ ಪ್ರಮಾಣ ಮಾಡಿದ. ಮಾನ ಉಳಿಯಿತು, ಬೊಕ್ಕಸಕ್ಕೆ ಎರಡು ಹೊರೆ ಬಿತ್ತು. 529ರಲ್ಲಿ ಪಿಂಗ್‌ಚಿಯು ಸಭೆಗೆ ಜಿನ್ 4,000 ರಥ ತಂದು ನಿಲ್ಲಿಸಿದಾಗ ಝೆಂಗ್‌ನ ಹೆಸರಾಂತ ಮಂತ್ರಿ ಝಿ ಚಾನ್ ತನ್ನ ಕಾಣಿಕೆಯ ಪ್ರಮಾಣ ಇಳಿಸಬೇಕೆಂದು ನಡುಹಗಲಿಂದ ಕತ್ತಲಾಗುವವರೆಗೆ ವಾದಿಸಿ ಗೆದ್ದ. ಅಷ್ಟು ರಥಗಳ ಎದುರು ನಿಂತು ಅಷ್ಟು ಹೊತ್ತು ವಾದಿಸುವಷ್ಟು ಆ ಹೊರೆ ಭಾರವಾಗಿತ್ತು.

ಎರಡನೆಯದು, ತಪ್ಪಿಗೆ ಶಿಕ್ಷೆ ಇರಲಿಲ್ಲ. 541ರಲ್ಲಿ ಗುವೊ ಎಂಬಲ್ಲಿ ಒಡಂಬಡಿಕೆಯನ್ನು ನವೀಕರಿಸಲು ಎಲ್ಲರೂ ಕೂತಿರುವಾಗಲೇ ಲು ಸೈನ್ಯ ಪಕ್ಕದ ಜು ರಾಜ್ಯದ ಯುನ್ ಊರನ್ನು ವಶಪಡಿಸಿಕೊಂಡಿತು. ಸಭೆಯಲ್ಲಿದ್ದ ಲು ಮಂತ್ರಿಯ ತಲೆ ತೆಗೆಯಬೇಕೆಂದು ಚು ಪಟ್ಟು ಹಿಡಿಯಿತು. ಝಾವೊ ವು ಅಡ್ಡ ಬಂದು, ಗಡಿಯ ಊರು ಇವತ್ತು ಇವರದು ನಾಳೆ ಅವರದು, ಯಾವ ಗಡಿ ಶಾಶ್ವತ ಎಂದು ಸಮಾಧಾನ ಹೇಳಿ ಅವನನ್ನು ಬಿಡಿಸಿದ. ಒಬ್ಬ ಸಜ್ಜನ ಮಂತ್ರಿಯ ಜೀವ ಉಳಿಯಿತು. ಆದರೆ ಊರು ಕಸಿದುಕೊಂಡರೂ ದಕ್ಕುತ್ತದೆ ಎಂಬುದು ಎಲ್ಲರಿಗೂ ತಿಳಿದುಹೋಯಿತು. ಮುಂದೆ ಚು 534ರಲ್ಲಿ ಚೆನ್ ರಾಜ್ಯವನ್ನೂ 531ರಲ್ಲಿ ತ್ಸಾಯ್ ರಾಜ್ಯವನ್ನೂ ನುಂಗಿದಾಗ ಜಿನ್ ದಂಡು ಕಳಿಸಲಿಲ್ಲ. 529ರಲ್ಲಿ ಅವೆರಡೂ ಮತ್ತೆ ತಲೆಯೆತ್ತಿದ್ದು ಚು ಅರಮನೆಯೊಳಗಿನ ದಂಗೆಯಿಂದ.

ಮೂರನೆಯದು, ಸಭೆಯ ಹೊರಗೆ ಉಳಿದವರು. ಯಾಂಗ್ತ್ಸೆ ನದಿಯ ಕೆಳಭಾಗದ ವು ರಾಜ್ಯ ಈ ಒಪ್ಪಂದದಲ್ಲಿ ಇರಲೇ ಇಲ್ಲ. 506ರಲ್ಲಿ ಅದೇ ಚುವಿನ ರಾಜಧಾನಿ ಯಿಂಗ್‌ಗೆ ನುಗ್ಗಿತು.

ಇವೆಲ್ಲಕ್ಕಿಂತ ಆಳದ ಕಾರಣ ಜಿನ್‌ನ ಒಳಗಿತ್ತು. ಹೊರಗಿನ ಶತ್ರು ತಣ್ಣಗಾದದ್ದೇ ತಡ, ಅಲ್ಲಿನ ಆರು ಮಂತ್ರಿ ಮನೆತನಗಳು ಪರಸ್ಪರ ಕಚ್ಚಾಡತೊಡಗಿದವು. 453ರ ಹೊತ್ತಿಗೆ ಝಾವೊ, ವೇಯ್, ಹಾನ್ ಎಂಬ ಮೂರು ಮನೆತನ ಉಳಿದು ರಾಜ್ಯವನ್ನೇ ಪಾಲು ಮಾಡಿಕೊಂಡವು. ಸಂಧಿಗೆ ಸಹಿ ಹಾಕಿದ ಎರಡು ಕಂಬಗಳಲ್ಲಿ ಒಂದು ಇಲ್ಲವಾದ ಮೇಲೆ ಅದು ಯಾರ ಆಧಾರದ ಮೇಲೆ ನಿಲ್ಲಬೇಕು?

ಸೊಂಗ್‌ನಲ್ಲೇ ಒಬ್ಬ ಇದನ್ನು ಮೊದಲೇ ಹೇಳಿದ್ದ. ಶಾಂತಿ ತಂದದ್ದಕ್ಕೆ ಶಿಯಾಂಗ್ ಶುವಿಗೆ 60 ಊರುಗಳ ಇನಾಮಿನ ಸನ್ನದು ಸಿಕ್ಕಿತು. ಅವನು ಅದನ್ನು ಝಿ ಹಾನ್ ಎಂಬ ಹಿರಿಯ ಮಂತ್ರಿಗೆ ತೋರಿಸಿದ. ಝಿ ಹಾನ್ ಅಕ್ಷರಗಳನ್ನು ಕೆರೆದುಹಾಕಿ ಬಿಸಾಡಿದ. ಆಯುಧದ ಭಯವೇ ಸಣ್ಣವರನ್ನು ಒಗ್ಗಟ್ಟಾಗಿ ಇಟ್ಟಿದೆ, ಅದನ್ನು ಇಲ್ಲವಾಗಿಸಬಹುದು ಎನ್ನುವುದು ಮೋಸ ಎಂಬುದು ಅವನ ವಾದ. ಶಿಯಾಂಗ್ ಶು ಇನಾಮು ಬಿಟ್ಟುಕೊಟ್ಟ. ಝಿ ಹಾನ್‌ನ ವಾದದಲ್ಲಿ ಹುರುಳಿದೆ. ಆದರೂ ಆ 40 ವರ್ಷದಲ್ಲಿ ಸೊಂಗ್ ಜನ ಮತ್ತೆ ಎಲುಬು ಉರಿಸಬೇಕಾಗಲಿಲ್ಲ ಎಂಬುದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂದೇ ನಮ್ಮ ಅಭಿಪ್ರಾಯ.

ಪ್ರಶ್ನೆ: ಎಲ್ಲರಿಗೂ ಮೇಲೆ ಝೌ ರಾಜ ಇದ್ದನಲ್ಲ, ಅವನೇಕೆ ಪಂಚಾಯಿತಿ ಮಾಡಲಿಲ್ಲ? (ಓದುಗರು, ಚಿಕ್ಕಮಗಳೂರು)

ಅವನ ಬಳಿ ಪಟ್ಟವಿತ್ತು, ಪಡೆ ಇರಲಿಲ್ಲ. 707ರಲ್ಲಿ ಹುವಾನ್ ರಾಜ ಸ್ವತಃ ಝೆಂಗ್ ಮೇಲೆ ದಂಡೆತ್ತಿ ಹೋಗಿ ಸೋತ, ಭುಜಕ್ಕೆ ಬಾಣವನ್ನೂ ತಿಂದ. ಆಮೇಲೆ ರಾಜನ ಹೆಸರಿನಲ್ಲಿ ಬಲಿಷ್ಠ ಸಾಮಂತನೊಬ್ಬ ಸಭೆ ಕರೆಯುವ ಪದ್ಧತಿ ಬಂತು. ಚೀ ದೊರೆ ಹುವಾನ್ 651ರಲ್ಲಿ ಕುಯಿಚಿಯುವಿನಲ್ಲಿ ಕರೆದ ಸಭೆಯ ಷರತ್ತುಗಳು ಈಗಲೂ ಬೆಲೆಯುಳ್ಳವು: ಪಕ್ಕದವರಿಗೆ ಹಾನಿಯಾಗುವಂತೆ ನದಿಗೆ ಒಡ್ಡು ಕಟ್ಟಬಾರದು, ಬರಗಾಲದಲ್ಲಿ ಧಾನ್ಯದ ಮಾರಾಟ ತಡೆಯಬಾರದು. ಆದರೆ 403ರಲ್ಲಿ ಜಿನ್ ಒಡೆದವರಿಗೇ ಝೌ ರಾಜ ಸಾಮಂತ ಪದವಿ ಕೊಟ್ಟ. ಕಸಿದುಕೊಂಡದ್ದಕ್ಕೆ ಮುದ್ರೆ ಒತ್ತಿದ ಮೇಲೆ ಅವನ ಪಂಚಾಯಿತಿ ಯಾರು ಕೇಳುತ್ತಾರೆ?

ಪ್ರಶ್ನೆ: ಚಿನ್ ಒಂದರ ಎದುರು ಆರು ರಾಜ್ಯಗಳು ಒಗ್ಗಟ್ಟಾಗಿ ನಿಂತಿದ್ದರೆ ಬಲದ ಸಮತೋಲ ಉಳಿದು ಶಾಂತಿ ಸಿಗುತ್ತಿತ್ತಲ್ಲವೇ? (ಇತಿಹಾಸ ಉಪನ್ಯಾಸಕರು, ಮೈಸೂರು)

ಪ್ರಯತ್ನಗಳು ಒಂದೆರಡಲ್ಲ. ಅವು ಎಲ್ಲೆಲ್ಲಿ ಕೆಟ್ಟವು ಎಂದು ಒಂದೊಂದಾಗಿ ನೋಡುವುದು ಮೇಲು.

318ರಲ್ಲಿ ಐದು ರಾಜ್ಯಗಳು ಚು ರಾಜನನ್ನು ಮುಂದಿಟ್ಟುಕೊಂಡು ಚಿನ್‌ನ ಪೂರ್ವ ಬಾಗಿಲಾದ ಹಾಂಗು ಕಣಿವೆಗೆ ಬಂದವು. ಕಣಿವೆ ಇಕ್ಕಟ್ಟು, ಐದು ದಂಡಿಗೆ ಒಬ್ಬ ಸೇನಾಪತಿ ಇಲ್ಲ. ಹಿಮ್ಮೆಟ್ಟಿದವರನ್ನು ಮರುವರ್ಷ ಚಿನ್ ಬೆನ್ನಟ್ಟಿ 82,000 ತಲೆ ತೆಗೆಯಿತು ಎಂದು ಪ್ರಾಚೀನ ಚೀನಾದ ಇತಿಹಾಸಕಾರ ಸಿಮಾ ಚಿಯಾನ್ ಬರೆಯುತ್ತಾನೆ. ಅದೇ ವರ್ಷ ಚೀ, ಸೋತು ಬಂದ ವೇಯ್ ಮತ್ತು ಝಾವೊ ಮೇಲೆಯೇ ಬಿದ್ದಿತು.

298ರಿಂದ 296ರವರೆಗೆ ಚೀ, ಹಾನ್, ವೇಯ್ ಕೂಡಿ ಆ ಕಣಿವೆಯನ್ನು ಒಡೆದೇಬಿಟ್ಟವು. ಚಿನ್ ಸೋತು ಕೆಲವು ಊರು ಮರಳಿಸಿ ಸಂಧಿಗೆ ಬಂತು. ಒಕ್ಕೂಟ ಗೆಲ್ಲಬಲ್ಲದು ಎಂಬುದು ಇಲ್ಲಿ ಸಾಬೀತಾಯಿತು. ಆದರೆ ಫಲ ಹಂಚಿಕೆ ನೋಡಿ: ಚಿನ್‌ಗೆ ಗಡಿ ತಾಗುವವರು ಹಾನ್ ಮತ್ತು ವೇಯ್, ಊರುಗಳು ಅವರಿಗೆ ಹೋದವು. ಮೂರು ವರ್ಷ ದಂಡು ಸಾಕಿದ ಚೀಗೆ ಒಂದು ಮೊಳ ನೆಲವೂ ದಕ್ಕಲಿಲ್ಲ. ಮುಂದಿನ ಸಲ ಚೀ ತನ್ನ ಪಕ್ಕದಲ್ಲೇ ಇದ್ದ ಶ್ರೀಮಂತ ಸೊಂಗ್ ಕಡೆ ಕಣ್ಣು ಹಾಕಿತು. 286ರಲ್ಲಿ ಸೊಂಗ್ ಮುಗಿಯಿತು. ಅದರಿಂದ ಎಲ್ಲರಿಗೂ ಚೀ ಭಯ ಹತ್ತಿ, 284ರಲ್ಲಿ ಈಶಾನ್ಯದ ಯಾನ್ ರಾಜ್ಯದ ಸೇನಾನಿ ಯುಯೆ ಯಿ ನೇತೃತ್ವದಲ್ಲಿ ಐದು ರಾಜ್ಯಗಳ ದಂಡು ಚೀ ಮೇಲೆ ನುಗ್ಗಿತು. ಆ ದಂಡಿನಲ್ಲಿ ಚಿನ್ ಕೂಡ ಇತ್ತು. ಚೀಯ 70ಕ್ಕೂ ಹೆಚ್ಚು ಊರು ಬಿದ್ದು ಜು ಮತ್ತು ಜಿಮೊ ಎರಡೇ ಉಳಿದವು. 279ರಲ್ಲಿ ಚೀ ಮತ್ತೆ ಎದ್ದಿತು, ಆದರೆ ಹಳೆಯ ಕಸುವು ಬರಲಿಲ್ಲ. ಚಿನ್‌ಗೆ ಸರಿಸಮ ನಿಲ್ಲಬಲ್ಲ ಪೂರ್ವದ ರಾಜ್ಯವನ್ನು ಉಳಿದವರೇ ಕೆಡವಿದರು. ಸಮತೋಲದ ಶಾಂತಿಗೆ ಕೊನೆಯ ಅವಕಾಶ ತಪ್ಪಿದ್ದು 284ರಲ್ಲಿ ಎಂದು ನಾವು ಹೇಳುತ್ತೇವೆ. 1973ರಲ್ಲಿ ಚಾಂಗ್‌ಷಾ ಬಳಿಯ ಮಾವಾಂಗ್‌ದುಯಿ ಸಮಾಧಿಯಲ್ಲಿ ಸಿಕ್ಕ ರೇಷ್ಮೆ ಬರಹಗಳು ಇದಕ್ಕೆ ಇನ್ನಷ್ಟು ಬೆಳಕು ಚೆಲ್ಲಿವೆ. ಒಕ್ಕೂಟದ ಪ್ರತಿಪಾದಕನೆಂದು ಹೆಸರಾದ ಸು ಚಿನ್, ಆ ಪತ್ರಗಳಲ್ಲಿ ಚೀ ಆಸ್ಥಾನದಲ್ಲಿದ್ದುಕೊಂಡು ಯಾನ್‌ಗಾಗಿ ಕೆಲಸ ಮಾಡುವವನಾಗಿ ಕಾಣುತ್ತಾನೆ.

ಸಂಧಾನಕ್ಕೆ ಬೇಕಾದ ಕನಿಷ್ಠ ನಂಬಿಕೆಯನ್ನೂ ಚಿನ್ ಹಾಳುಗೆಡವಿತ್ತು. 313ರಲ್ಲಿ ಅದರ ಮಂತ್ರಿ ಝಾಂಗ್ ಯಿ, ಚೀ ಸ್ನೇಹ ಬಿಟ್ಟರೆ 600 ಲೀ ನೆಲ ಕೊಡುತ್ತೇವೆ ಎಂದು ಚು ರಾಜ ಹುವಾಯ್‌ನನ್ನು ನಂಬಿಸಿದ. ಒಂದು ಲೀ ಎಂದರೆ ಅರ್ಧ ಕಿಲೋಮೀಟರಿಗೂ ತುಸು ಕಡಿಮೆ. ಸ್ನೇಹ ಕಡಿದುಕೊಂಡು ಬಂದು ಕೇಳಿದರೆ, ನಾನು ಹೇಳಿದ್ದು 6 ಲೀ ಎಂದ. 299ರಲ್ಲಿ ಅದೇ ರಾಜನನ್ನು ಮಾತುಕತೆಗೆಂದು ವು ಕಣಿವೆಗೆ ಕರೆಸಿ ಹಿಡಿದಿಟ್ಟರು. ನೆಲ ಬರೆದುಕೊಡಲು ಒಪ್ಪದೆ ಅವನು 296ರಲ್ಲಿ ಚಿನ್‌ನಲ್ಲೇ ಸತ್ತ. ಇದಾದ ಮೇಲೆ ಚಿನ್ ಕರೆದ ಸಭೆಗೆ ಯಾವ ರಾಜ ನೆಮ್ಮದಿಯಿಂದ ಹೋದಾನು?

ಒತ್ತೆಯಾಳು ಪದ್ಧತಿಯೂ ಕೈಕೊಟ್ಟಿತು. ಕಾರಣ, ಕಳಿಸುತ್ತಿದ್ದದ್ದು ಕಳೆದುಕೊಂಡರೂ ನಷ್ಟವಿಲ್ಲದ ಮಕ್ಕಳನ್ನು. ಝಾವೊ ರಾಜಧಾನಿ ಹಾಂದಾನ್‌ನಲ್ಲಿ ಒತ್ತೆಯಾಗಿದ್ದ ಚಿನ್ ಕುಮಾರ ಯಿ ರೆನ್, ತಂದೆಯ 20ಕ್ಕೂ ಹೆಚ್ಚು ಗಂಡುಮಕ್ಕಳಲ್ಲಿ ನಡುವಿನವನು. ಅವನು ಒಳಗಿದ್ದಾಗಲೇ ಚಿನ್ ಸೈನ್ಯ ಆ ನಗರಕ್ಕೆ ಮುತ್ತಿಗೆ ಹಾಕಿತು. ಕಾವಲುಗಾರರಿಗೆ ಚಿನ್ನ ತಿನ್ನಿಸಿ ಅವನು ಪಾರಾದ. 259ರಲ್ಲಿ ಹಾಂದಾನ್‌ನಲ್ಲಿ ಹುಟ್ಟಿದ ಅವನ ಮಗನೇ ಮುಂದೆ ಮೊದಲ ಸಾಮ್ರಾಟನಾದ.

ಸಂಧಾನದ ಹೆಜ್ಜೆಗಳ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಚಾಂಗ್‌ಪಿಂಗ್ ಉದಾಹರಣೆ. 262ರಲ್ಲಿ ಹಾನ್ ತನ್ನ ಶಾಂಗ್‌ದಾಂಗ್ ಸೀಮೆಯನ್ನು ಚಿನ್‌ಗೆ ಬಿಟ್ಟುಕೊಡಲು ಒಪ್ಪಿದಾಗ, ಅಲ್ಲಿನ ಅಧಿಕಾರಿ 17 ಊರುಗಳನ್ನು ಝಾವೊಗೆ ಒಪ್ಪಿಸಿದ. ಝಾವೊ ಆಸೆಯಿಂದ ತೆಗೆದುಕೊಂಡಿತು, ಯುದ್ಧ ಹತ್ತಿತು. ಸಂಧಿ ಬೇಕಾದಾಗ ಯು ಚಿಂಗ್ ಎಂಬ ಸಲಹೆಗಾರ, ಮೊದಲು ಕಾಣಿಕೆ ಸಮೇತ ಚು ಮತ್ತು ವೇಯ್‌ಗೆ ದೂತರನ್ನು ಕಳಿಸಿ, ಒಕ್ಕೂಟ ಆಗುತ್ತಿದೆ ಎಂಬ ಅಂಜಿಕೆ ಹುಟ್ಟಿದರೆ ಮಾತ್ರ ಚಿನ್ ಒಳ್ಳೆಯ ಷರತ್ತು ಕೊಡುತ್ತದೆ ಎಂದ. ರಾಜ ಕೇಳದೆ ನೇರವಾಗಿ ಚಿನ್‌ಗೇ ದೂತನನ್ನು ಕಳಿಸಿದ. ಚಿನ್ ಆ ದೂತನನ್ನು ಮೆರೆಸಿ ಎಲ್ಲರಿಗೂ ತೋರಿಸಿತು. ಇವರಿಬ್ಬರೂ ರಾಜಿಯಾದರು ಎಂದುಕೊಂಡು ಚು, ವೇಯ್ ಸಹಾಯಕ್ಕೆ ಬರಲಿಲ್ಲ. ಸಂಧಿಯೂ ಆಗಲಿಲ್ಲ. 260ರಲ್ಲಿ ಚಿನ್ ರಾಜ ತಾನೇ ಹೆನೇಯ್ ಸೀಮೆಗೆ ಬಂದು, 15 ವರ್ಷ ದಾಟಿದ ಗಂಡಸರನ್ನೆಲ್ಲ ಹೊರಡಿಸಿ ಝಾವೊ ದಂಡಿನ ಧಾನ್ಯದ ದಾರಿ ಮುಚ್ಚಿಸಿದ. 46 ದಿನ ಅನ್ನವಿಲ್ಲದೆ ದಂಡು ಶರಣಾಯಿತು. ಶರಣಾದವರನ್ನು ಕೊಂದುಹಾಕಿ ಚಿಕ್ಕ ಹುಡುಗರು 240 ಮಂದಿಯನ್ನು ಮಾತ್ರ ಊರಿಗೆ ಕಳಿಸಿದರು ಎಂದು ಬರೆದಿದೆ. ಸತ್ತವರು ನಾಲ್ಕು ಲಕ್ಷಕ್ಕೂ ಮೇಲು ಎಂಬ ಹಳೆಯ ಲೆಕ್ಕವನ್ನು ಇಂದಿನ ಇತಿಹಾಸಕಾರರು ಪೂರ್ತಿ ನಂಬುವುದಿಲ್ಲ. ಆದರೆ 1995ರಲ್ಲಿ ಗಾವೊಪಿಂಗ್ ಬಳಿಯ ಯೊಂಗ್‌ಲು ಹಳ್ಳಿಯಲ್ಲಿ ಅಗೆದ ಒಂದೇ ಗುಂಡಿಯಲ್ಲಿ ಸುಮಾರು 130 ಜನರ ಅಸ್ಥಿ ಸಿಕ್ಕಿದೆ.

ಇಷ್ಟೆಲ್ಲ ಆದ ಮೇಲೂ ಕೇಳಬೇಕಾದ ಪ್ರಶ್ನೆ, ಚಿನ್ ಏಕೆ ನಿಲ್ಲಲಿಲ್ಲ ಎಂಬುದು. ಉತ್ತರ 356ರಿಂದ ಚಿನ್ ಮಂತ್ರಿ ಶಾಂಗ್ ಯಾಂಗ್ ತಂದ ಕಾನೂನಿನಲ್ಲಿದೆ. ಕವಚಧಾರಿ ಶತ್ರುವಿನ ಒಂದು ತಲೆ ತಂದವನಿಗೆ ಒಂದು ದರ್ಜೆ ಬಡ್ತಿ, 100 ಮು (ನೆಲದ ಚೀನೀ ಅಳತೆ) ಹೊಲ, 9 ಮು ನಿವೇಶನ, ಒಬ್ಬ ಆಳು. ದರ್ಜೆಗಳು ಒಟ್ಟು 20. ರಾಜಮನೆತನದವನಾದರೂ ಯುದ್ಧದಲ್ಲಿ ಗಳಿಸದಿದ್ದರೆ ಹಕ್ಕಿಲ್ಲ. ಬಡ ರೈತನಿಗೆ ಮೇಲೇರಲು ಇದ್ದ ಮುಖ್ಯ ಏಣಿಯೇ ರಣರಂಗ. ಕೊಡುತ್ತ ಹೋಗಲು ಹೊಸ ನೆಲ ಬೇಕು, ಹೊಸ ನೆಲಕ್ಕೆ ಹೊಸ ಯುದ್ಧ ಬೇಕು. ಹತ್ತು ವರ್ಷ ಶಾಂತಿ ಅಂದರೆ ಆ ರಾಜ್ಯದ ಇಡೀ ಬಡ್ತಿಯ ವ್ಯವಸ್ಥೆಯೇ ನಿಂತಂತೆ. 546ರಲ್ಲಿ ಇಂಥ ಯಂತ್ರ ಯಾರ ಬಳಿಯೂ ಇರಲಿಲ್ಲ. ಯುದ್ಧ ಆಗ ರಥವೇರಿದ ಕುಲೀನರ ಕೆಲಸವಾಗಿತ್ತು, ಸಾಕು ಅನ್ನಿಸಿದಾಗ ಅವರು ನಿಲ್ಲಿಸಬಲ್ಲವರಾಗಿದ್ದರು.

ಪ್ರಶ್ನೆ: ಮೋಝಿ ಯುದ್ಧ ತಡೆದನಂತೆ. ಉಪದೇಶದಿಂದಲೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು)

ಬರೀ ಉಪದೇಶದಿಂದ ಅಲ್ಲ. ಮೋಝಿ ದಾಳಿಯ ಯುದ್ಧವನ್ನು ವಿರೋಧಿಸಿದ ಚಿಂತಕ. ಚು ರಾಜ ಸೊಂಗ್ ಮೇಲೆ ಹೋಗಲು ಗೊಂಗ್‌ಶು ಬಾನ್ ಎಂಬ ಕುಶಲಕರ್ಮಿಯಿಂದ ಕೋಟೆ ಹತ್ತುವ ಏಣಿಯಂತ್ರ ಮಾಡಿಸಿದ್ದ. ಮೋಝಿ ಹತ್ತು ಹಗಲು ಹತ್ತು ರಾತ್ರಿ ನಡೆದು ಯಿಂಗ್ ತಲುಪಿ, ಸೊಂಟದ ಪಟ್ಟಿ ಬಿಚ್ಚಿ ಅದನ್ನೇ ಕೋಟೆಗೋಡೆಯೆಂದು ನೆಲದ ಮೇಲಿಟ್ಟ, ಮರದ ತುಂಡುಗಳು ಯಂತ್ರಗಳಾದವು. ಬಾನ್ ಒಂಬತ್ತು ಬಗೆಯಲ್ಲಿ ದಾಳಿ ಮಾಡಿ ತೋರಿಸಿದ, ಒಂಬತ್ತನ್ನೂ ಮೋಝಿ ತಡೆದ. ನನ್ನನ್ನು ಕೊಂದರೂ ಪ್ರಯೋಜನವಿಲ್ಲ, 300 ಶಿಷ್ಯರು ಈಗಾಗಲೇ ಸೊಂಗ್ ಕೋಟೆಯ ಮೇಲೆ ಇದೇ ಸಲಕರಣೆ ಹಿಡಿದು ಕಾಯುತ್ತಿದ್ದಾರೆ ಎಂದ. ದಾಳಿ ರದ್ದಾಯಿತು. ಮೋಝಿ ಪಂಥದವರ ಬರಹದಲ್ಲಿರುವ ಕಥೆ ಇದು.

ಆ ಪಂಥದ ಕೋಟೆ ರಕ್ಷಣೆಯ ಅಧ್ಯಾಯಗಳು ಎಂಜಿನಿಯರ್‌ಗಳು ಓದಬೇಕಾದವು. ಶತ್ರು ಸುರಂಗ ಕೊರೆಯುತ್ತಿದ್ದಾನೆಯೇ ಎಂದು ತಿಳಿಯಲು ಗೋಡೆಯ ಒಳಬದಿಗೆ ಐದು ಹೆಜ್ಜೆಗೊಂದು ಬಾವಿ ತೋಡಬೇಕು. ಎತ್ತರದ ನೆಲದಲ್ಲಿ ಆಳ 15 ಅಡಿ, ತಗ್ಗಿನಲ್ಲಾದರೆ ನೀರು ಸಿಕ್ಕು ಮೂರಡಿಗೆ ನಿಲ್ಲಿಸಬೇಕು. 40 ಅಳತೆಗಿಂತ ಹೆಚ್ಚು ಹಿಡಿಸುವ ಮಣ್ಣಿನ ಹಂಡೆಯ ಬಾಯಿಗೆ ತೆಳು ತೊಗಲು ಬಿಗಿದು ಬಾವಿಯೊಳಗಿಟ್ಟು, ಕಿವಿ ಚುರುಕಾದವನನ್ನು ಅದಕ್ಕೆ ಕಿವಿಗೊಟ್ಟು ಕೂರಿಸಬೇಕು. ಸದ್ದಿನ ದಿಕ್ಕು ಹಿಡಿದು ಎದುರು ಸುರಂಗ ಕೊರೆದು, ತಿದಿ ಒತ್ತಿ ಹೊಗೆ ನುಗ್ಗಿಸಬೇಕು. ದಾಳಿಯ ಖರ್ಚು ಲಾಭಕ್ಕಿಂತ ಹೆಚ್ಚಾದರೆ ದಾಳಿ ನಿಲ್ಲುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ಆದರೆ ಲಕ್ಷಗಟ್ಟಲೆ ರೈತರನ್ನು ದಂಡಿಗೆ ಹಿಡಿಯಬಲ್ಲ ರಾಜ್ಯಗಳು ಬಂದ ಮೇಲೆ ಈ ಲೆಕ್ಕ ಬದಲಾಯಿತು. ಗೋಡೆ ಹತ್ತುವ ಅಗತ್ಯವೇ ಇಲ್ಲ, ಸುತ್ತುವರಿದು ಧಾನ್ಯ ತಡೆದರೆ ಆಯಿತು.

ಪ್ರಶ್ನೆ: ನಮ್ಮ ಕೌಟಿಲ್ಯನ ಮಂಡಲ ನೀತಿಗೂ ಇದಕ್ಕೂ ಹೋಲಿಕೆ ಇದೆಯೇ? (ಓದುಗರು, ಕಲಬುರಗಿ)

ಇದೆ. ಪಕ್ಕದವನು ಅರಿ, ಅವನಾಚೆಯವನು ಮಿತ್ರ ಎಂಬುದು ಕೌಟಿಲ್ಯನ ಸೂತ್ರ. 270ರ ಆಸುಪಾಸಿನಲ್ಲಿ ಚಿನ್‌ಗೆ ಬಂದ ಸಲಹೆಗಾರ ಫಾನ್ ಜು ಹೇಳಿದ್ದೂ ಅದೇ: ದೂರದವನ ಸ್ನೇಹ ಮಾಡು, ಹತ್ತಿರದವನನ್ನು ಹೊಡೆ, ಗೆದ್ದ ಒಂದಂಗುಲವೂ ನಿನ್ನದಾಗಿ ಉಳಿಯುತ್ತದೆ. ಇಬ್ಬರಲ್ಲಿ ಯಾರೂ ಇನ್ನೊಬ್ಬರಿಂದ ಕಲಿತದ್ದಲ್ಲ. ಇನ್ನೊಂದು ಕಾಲಸಾಮ್ಯವನ್ನೂ ಹೇಳಬೇಕು. ಚಾಂಗ್‌ಪಿಂಗ್ ಹತ್ಯಾಕಾಂಡ 260ರದು, ಅಶೋಕನ ಕಳಿಂಗ ಯುದ್ಧ 261ರ ಸುಮಾರಿನದು. ನಿಮ್ಮ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಶಾಸನದಲ್ಲಿ, ಕಳಿಂಗದವರಿಗೆಂದೇ ಬರೆಸಿದ ಎರಡು ಪ್ರತ್ಯೇಕ ಶಾಸನಗಳ ಪಾಠವೂ ಇದೆ. ಆದರೆ ಅಶೋಕ ಕತ್ತಿ ಕೆಳಗಿಟ್ಟಾಗ ಅವನಿಗೆ ಸಮಬಲದ ಎದುರಾಳಿ ಉಪಖಂಡದಲ್ಲಿ ಉಳಿದಿರಲಿಲ್ಲ. ಚಿನ್ ರಾಜನ ಎದುರು ಇನ್ನೂ ಆರು ರಾಜ್ಯಗಳಿದ್ದವು.

ಪ್ರಶ್ನೆ: ಹಾಗಾದರೆ ಚೀನಾದ ನೆಲದಲ್ಲಿ ಬಾಳಿಕೆ ಬಂದ ಸಂಧಿ ಒಂದೂ ಇಲ್ಲವೇ? (ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಇದೆ, ಬಹಳ ಕಾಲದ ನಂತರ. ಕ್ರಿ.ಶ. 1005ರಲ್ಲಿ ಸೊಂಗ್ ಸಾಮ್ರಾಜ್ಯ (ಮೇಲಿನ ಸಣ್ಣ ಸೊಂಗ್ ಅಲ್ಲ) ಮತ್ತು ಉತ್ತರದ ಲಿಯಾವೊ ಸಾಮ್ರಾಜ್ಯದ ನಡುವೆ ಚಾನ್‌ಯುವಾನ್‌ನಲ್ಲಿ ಆದ ಒಪ್ಪಂದ ನೂರು ವರ್ಷಕ್ಕೂ ಹೆಚ್ಚು ನಡೆಯಿತು. ಸೊಂಗ್ ವರ್ಷಕ್ಕೆ 1 ಲಕ್ಷ ಲಿಯಾಂಗ್ (ಚೀನೀ ತೂಕದ ಅಳತೆ) ಬೆಳ್ಳಿ, 2 ಲಕ್ಷ ಥಾನು ರೇಷ್ಮೆ ಕೊಡಬೇಕು. 1042ರಲ್ಲಿ ಅದು 2 ಲಕ್ಷ ಮತ್ತು 3 ಲಕ್ಷಕ್ಕೆ ಏರಿತು. ಗಡಿ ಗುರುತಾಯಿತು, ಗಡಿಯಲ್ಲಿ ಹೊಸ ಕೋಟೆ, ಕಾಲುವೆ ಕೂಡದು, ಓಡಿಬಂದವರನ್ನು ಮರಳಿಸಬೇಕು, ಇಬ್ಬರು ಸಾಮ್ರಾಟರೂ ಅಣ್ಣತಮ್ಮ ಎಂದು ಕರೆದುಕೊಳ್ಳಬೇಕು. ಗಡಿ ಸಂತೆಗಳ ವ್ಯಾಪಾರದಲ್ಲಿ ಬೆಳ್ಳಿಯ ಬಹುಪಾಲು ಸೊಂಗ್‌ಗೇ ಮರಳಿತು. 546ಕ್ಕೆ ಹೋಲಿಸಿ ನೋಡಿ: ಕಾಣಿಕೆ ಕೊಡುವವನು ಅದನ್ನು ಹೊರಬಲ್ಲ ಶ್ರೀಮಂತ, ಸಹಿ ಹಾಕಿದವರು ಇಬ್ಬರೇ, ಗಡಿ ಖಚಿತ, ತಪಾಸಣೆಗೆ ಪ್ರತಿ ವರ್ಷ ದೂತರು. ಕೆಟ್ಟದ್ದು ಮಾತ್ರ ಹಳೆಯ ದಾರಿಯಲ್ಲೇ. ಒಪ್ಪಂದದ ಹೊರಗಿದ್ದ, ಈಶಾನ್ಯದ ಜುರ್ಚೆನ್ ಜನಾಂಗದವರ ಜೊತೆ 1120ರಲ್ಲಿ ಸೊಂಗ್ ಕೈಜೋಡಿಸಿತು. 1125ರಲ್ಲಿ ಲಿಯಾವೊ ಬಿತ್ತು, 1127ರಲ್ಲಿ ಸೊಂಗ್ ರಾಜಧಾನಿಯೇ ಜುರ್ಚೆನ್ನರ ಪಾಲಾಯಿತು.

ಪ್ರಶ್ನೆ: ಪಿಯು ತರಗತಿಯಲ್ಲಿ 546ರ ಸಭೆಯನ್ನು ಆಟವಾಗಿ ಆಡಿಸಬೇಕೆಂದಿದ್ದೇನೆ. ನಿಯಮ ಹೇಳಿಕೊಡಿ. (ಉಪನ್ಯಾಸಕಿ, ಹಾಸನ)

45 ಮಕ್ಕಳು, ಎರಡು ಪೀರಿಯಡ್, ಅರ್ಧ ಕಿಲೋ ಹುಣಸೆ ಬೀಜ ಸಾಕು. ಐದೈದು ಮಕ್ಕಳ ಒಂಬತ್ತು ಗುಂಪು: ಜಿನ್, ಚು, ಚೀ, ಚಿನ್, ಸೊಂಗ್, ಝೆಂಗ್, ಲು, ಚೆನ್, ತ್ಸಾಯ್. ಆರಂಭಕ್ಕೆ ಜಿನ್ ಮತ್ತು ಚುವಿಗೆ 40 ಬೀಜ, ಚೀ ಮತ್ತು ಚಿನ್‌ಗೆ 30, ಉಳಿದವರಿಗೆ 12. ಒಂದು ಸುತ್ತು ಅಂದರೆ ಒಂದು ವರ್ಷ. ಪ್ರತಿ ಸುತ್ತಿಗೆ ದೊಡ್ಡ ನಾಲ್ವರಿಗೆ 6 ಬೀಜ ಆದಾಯ, ಸಣ್ಣವರಿಗೆ 4. ಸಣ್ಣವರು ಜಿನ್ ಅಥವಾ ಚು ಯಾರಾದರೊಬ್ಬರಿಗೆ ಸುತ್ತಿಗೆ 2 ಕೊಡಬೇಕು.

ಪ್ರತಿ ಸುತ್ತಿನಲ್ಲೂ ಗುಂಪು ಗುಟ್ಟಾಗಿ ಚೀಟಿ ಬರೆಯಲಿ: ಸುಮ್ಮನಿರುತ್ತೇವೆ, ಇಂಥವರ ಮೇಲೆ ಹೋಗುತ್ತೇವೆ, ಇಂಥವರಿಗೆ ನೆರವಾಗುತ್ತೇವೆ. ದಾಳಿಗೆ ಖರ್ಚು 5 ಬೀಜ, ನೆರವಿಗೆ 2. ಎರಡೂ ಕಡೆಯ ಬೀಜ ಕೂಡಿಸಿ ನೋಡಿ, ಹೆಚ್ಚಿರುವ ಕಡೆ ಗೆದ್ದಂತೆ. ದಾಳಿ ಮಾಡಿದವನು ಗೆದ್ದರೆ ಸೋತವನ ಅರ್ಧ ಬೀಜ ಅವನಿಗೆ. ಹೀಗೆ ಆರು ಸುತ್ತು ಆಡಿಸಿ ನಿಲ್ಲಿಸಿ.

ಈಗ ಸೊಂಗ್ ಗುಂಪಿಗೆ 15 ನಿಮಿಷ ಕೊಡಿ, ಅವರು ಎದ್ದು ಓಡಾಡಿ ಸಂಧಿ ಮಾಡಿಸಲಿ. ಒಪ್ಪಂದ ಆದರೆ ಸಣ್ಣವರು ಜಿನ್ ಮತ್ತು ಚು ಇಬ್ಬರಿಗೂ ಎರಡೆರಡು ಬೀಜ ಕೊಡಬೇಕು, ಅಂದರೆ ಆದಾಯದ ನಾಲ್ಕೂ ಹೋಯಿತು. ಮತ್ತೆ ಆರು ಸುತ್ತು. ಕೊನೆಯ ಮೂರು ಸುತ್ತಿಗೆ ಚಿನ್ ಗುಂಪಿಗೆ ಮಾತ್ರ ಒಂದು ಗುಟ್ಟಿನ ಚೀಟಿ ಕೊಡಿ: ಗೆದ್ದ ಪ್ರತಿ ಯುದ್ಧಕ್ಕೆ ನಿಮ್ಮ ಆದಾಯ ಖಾಯಂ ಆಗಿ 2 ಹೆಚ್ಚುತ್ತದೆ.

ಸಾಮಾನ್ಯವಾಗಿ ಆಟ ಕೆಡುವುದು ಎರಡು ಕಡೆ. ಗೆಳೆಯರ ಗುಂಪುಗಳು ಆಟದ ಲೆಕ್ಕ ಬಿಟ್ಟು ಗೆಳೆತನದ ಮೇಲೆ ಚೀಟಿ ಬರೆಯುತ್ತವೆ, ಆದ್ದರಿಂದ ಗುಂಪು ನೀವೇ ಮಾಡಿ. ಎರಡನೆಯದು, ಮಾತು ಮುರಿದವರ ಬಗ್ಗೆ ಮಕ್ಕಳು ನಿಮ್ಮ ಹತ್ತಿರ ದೂರು ತರುತ್ತಾರೆ. ನೀವು ಝೌ ರಾಜನ ಸ್ಥಾನದಲ್ಲಿರಬೇಕು: ಯಾರಿಗೆ ಬೇಕಾದರೂ ಬಿರುದು ಕೊಡಬಹುದು, ಒಂದು ಬೀಜವನ್ನೂ ಕಿತ್ತುಕೊಳ್ಳುವಂತಿಲ್ಲ. ಗಂಟೆ ಹೊಡೆಯುವ 10 ನಿಮಿಷ ಮೊದಲು ನಿಲ್ಲಿಸಿ, ತಾವು ಮಾತಿಗೆ ತಪ್ಪಿದ ಸುತ್ತು ಯಾವುದು, ಆಗ ಕೈಯಲ್ಲಿ ಎಷ್ಟು ಬೀಜವಿತ್ತು, ಯಾರ ಮೇಲೆ ಅನುಮಾನ ಬಂದಿತ್ತು ಎಂದು ಪ್ರತಿ ಗುಂಪಿನಿಂದ ಬರೆಸಿಕೊಳ್ಳಿ. ಮರುದಿನದ ಪಾಠವನ್ನು ಆ ಹಾಳೆಗಳಿಂದಲೇ ಶುರು ಮಾಡಬಹುದು.